ಮುಳ್ಳು ಸಿಗುವವರೆಗೆ ಹೊಸ ಟ್ಯೂಬ್ ಹಾಕಬೇಡಿ

ಸೈಕಲ್ ಚಕ್ರದ ಸುತ್ತಳತೆ ಹೆಚ್ಚುಕಡಿಮೆ 2.1 ಮೀಟರ್. ಅಂದರೆ ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ಟೈರಿನ ಪ್ರತಿ ಜಾಗವೂ ಸುಮಾರು 475 ಸಲ ನೆಲಕ್ಕೆ ಒತ್ತಿಕೊಂಡಿರುತ್ತದೆ. ಗಾಜಿನ ಸಣ್ಣ ಚೂರೊಂದು ಮೊದಲ ಸುತ್ತಿಗೇ ಟ್ಯೂಬ್ ಮುಟ್ಟುವುದು ಅಪರೂಪ. ಅದು ಟೈರಿನ ರಬ್ಬರಿಗೆ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಪ್ರತಿ ಸುತ್ತಿಗೂ ಒಂಚೂರು ಒಳಗಿಳಿಯುತ್ತದೆ. ಇವತ್ತು ಗಾಳಿ ಹೋದ ಟೈರಿಗೆ ಚೂರು ಹೊಕ್ಕಿದ್ದು ಮೊನ್ನೆಯೇ ಇರಬಹುದು. ಹಾಗಾಗಿ ಪಂಚರ್‌ಗೆ ತಯಾರಾಗುವುದು ಹಿಂದಿನ ಸವಾರಿ ಮುಗಿದ ಕೂಡಲೇ ಶುರುವಾಗಬೇಕು. ಸೈಕಲ್ ಒಳಗಿಡುವ ಮುನ್ನ ಚಕ್ರವನ್ನು ನಿಧಾನವಾಗಿ ತಿರುಗಿಸಿ, ಹೊಳೆಯುವ ಚೂರು ಕಂಡರೆ ಪಿನ್ನಿನ ತುದಿಯಿಂದ ಎಬ್ಬಿಸಿ ತೆಗೆಯಿರಿ. ಮಳೆಗಾಲದಲ್ಲಿ ಇದನ್ನು ತಪ್ಪಿಸಲೇಬಾರದು. ಒದ್ದೆ ರಬ್ಬರನ್ನು ಒಣ ರಬ್ಬರಿಗಿಂತ ಸುಲಭವಾಗಿ ಕೊಯ್ಯಬಹುದು, ನೀರು ಅಲ್ಲಿ ಎಣ್ಣೆಯ ಕೆಲಸ ಮಾಡುತ್ತದೆ.

ಗಾಜಿಗಿಂತ ಕೆಟ್ಟದ್ದು ಮುಳ್ಳು. ನಮ್ಮ ಬಯಲುಸೀಮೆಯ ರಸ್ತೆ ಅಂಚಿನಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ ನೆಗ್ಗಿಲು ಗಿಡವನ್ನೇ ನೋಡಿ. ಪುಟ್ಟ ಹಳದಿ ಹೂವು, ಐದು ಎಸಳು, ನೋಡಲು ಚೆಂದವೇ. ಆದರೆ ಅದರ ಕಾಯಿ ಒಣಗಿದಾಗ ಐದು ಹೋಳಾಗಿ ಬಿಡಿಸಿಕೊಳ್ಳುತ್ತದೆ. ಒಂದೊಂದು ಹೋಳಿಗೂ ಎರಡು ಗಟ್ಟಿ ಉದ್ದ ಮುಳ್ಳು, ಜೊತೆಗೆ ಗಿಡ್ಡ ಮುಳ್ಳುಗಳು. ಹೋಳು ಹೇಗೆ ಬಿದ್ದರೂ ಒಂದಲ್ಲ ಒಂದು ಮುಳ್ಳು ಮೇಲಕ್ಕೆ ನಿಂತಿರುತ್ತದೆ. ಪ್ರಾಣಿಗಳ ಪಾದಕ್ಕೆ ಚುಚ್ಚಿಕೊಂಡು ಬೀಜ ದೂರ ಸಾಗುವುದಕ್ಕೆ ಗಿಡ ಕಂಡುಕೊಂಡ ದಾರಿ ಇದು, ಟೈರಿನಿಂದಲೂ ಅದೇ ಕೆಲಸ ನಡೆಯುತ್ತದೆ. ಈ ಗಿಡ ಅಮೆರಿಕಕ್ಕೂ ಹೋಗಿ ಅಲ್ಲಿನ ಪಶ್ಚಿಮದ ರಾಜ್ಯಗಳಲ್ಲಿ ಸೈಕಲ್ ಸವಾರರ ದೊಡ್ಡ ತಲೆನೋವಾಗಿದೆ. ಅದನ್ನು ಹತೋಟಿಗೆ ತರಲು 1961ರಲ್ಲಿ ಎರಡು ಜಾತಿಯ ಕೀಟಗಳನ್ನು ಅಲ್ಲಿಗೆ ತಂದು ಬಿಟ್ಟರು. ಒಂದು ಅದರ ಬೀಜ ತಿನ್ನುತ್ತದೆ, ಇನ್ನೊಂದು ಕಾಂಡ ಕೊರೆಯುತ್ತದೆ. ಐಡಹೊ ರಾಜ್ಯದ ಬಾಯ್ಸಿ ನಗರದ ಸೈಕಲ್ ಪ್ರಿಯರಂತೂ ಈ ಮುಳ್ಳಿನ ಹೆಸರಿನಲ್ಲೇ ಹಬ್ಬ ಮಾಡಿ, ಗಿಡ ಕಿತ್ತು ಚೀಲಗಟ್ಟಲೆ ತಂದು ಒಪ್ಪಿಸುತ್ತಾರೆ. ನಮ್ಮಲ್ಲಿ ಅಷ್ಟಾಗದಿದ್ದರೂ, ಡಾಂಬರು ಬಿಟ್ಟು ಅಂಚಿನ ಮಣ್ಣಿಗೆ ಇಳಿಯುವಾಗ ನೆಲ ನೋಡಿ ಇಳಿಯುವುದು ಒಳ್ಳೆಯದು.

ಮುಳ್ಳಿಲ್ಲದೆಯೂ ಪಂಚರ್ ಆಗುತ್ತದೆ. ಹಿಂದಿನ ಚಕ್ರದ ಮೇಲೆ 45 ಕಿಲೋ ಭಾರ, ಒಳಗೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಒತ್ತಡ ಇದೆ ಎನ್ನಿ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲ ಮುಟ್ಟುವ ಜಾಗ ಸಿಗುತ್ತದೆ: ಸುಮಾರು 9 ಚದರ ಸೆಂಟಿಮೀಟರ್. ಒತ್ತಡ ಅರ್ಧಕ್ಕಿಳಿದರೆ ಆ ಜಾಗ ಇಮ್ಮಡಿಯಾಗಬೇಕು, ಟೈರು ಅಷ್ಟು ಚಪ್ಪಟೆಯಾಗಬೇಕು. ಆಗ ಗುಂಡಿಯ ಅಂಚು ಬಡಿದರೆ ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬ್ ಸಿಕ್ಕಿ ಜಜ್ಜಿಹೋಗುತ್ತದೆ. ರಿಮ್ಮಿನ ಎರಡೂ ಅಂಚು ತಗುಲಿ ಪಕ್ಕಪಕ್ಕದಲ್ಲಿ ಎರಡು ಸೀಳು ಬೀಳುತ್ತವೆ, ಹಾವು ಕಚ್ಚಿದ ಗುರುತಿನಂತೆ. ಇದಕ್ಕೆ ಮದ್ದು ಒಂದೇ, ಹೊರಡುವ ಮುನ್ನ ಗಾಳಿ ನೋಡುವುದು. ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಸಾಲದು. ಟೈರು ಒಮ್ಮೆ ಗಟ್ಟಿಯಾದ ಮೇಲೆ 3 ಬಾರ್‌ಗೂ 5 ಬಾರ್‌ಗೂ ಇರುವ ವ್ಯತ್ಯಾಸ ಬೆರಳಿಗೆ ಗೊತ್ತಾಗುವುದಿಲ್ಲ. ಮೀಟರ್ ಇರುವ ಪಂಪು ಒಂದು ಮನೆಯಲ್ಲಿರಲಿ.

ಇನ್ನು ದಾರಿಯಲ್ಲಿ ಗಾಳಿ ಹೋದಾಗ ಮಾಡುವ ಕೆಲಸ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಪೇಟೆಂಟ್ ಪಡೆದ ಗಾಳಿ ಟೈರನ್ನು ಚಕ್ರಕ್ಕೇ ಅಂಟಿಸಲಾಗುತ್ತಿತ್ತು. ಪಂಚರ್ ಆದರೆ ಬಿಡಿಸಿ, ತೇಪೆ ಹಾಕಿ, ಮತ್ತೆ ಅಂಟಿಸಿ ಒಣಗಿಸುವುದಕ್ಕೆ ಗಂಟೆಗಟ್ಟಲೆ ಬೇಕಿತ್ತು. ಫ್ರಾನ್ಸಿನ ಮಿಷೆಲಿನ್ ಸಹೋದರರು 1891ರಲ್ಲಿ ಕಳಚಿ ಹಾಕಬಹುದಾದ ಟೈರು ತಂದರು. ಅದೇ ವರ್ಷ ಶಾರ್ಲ್ ತೆರೋಂ ಆ ಟೈರಿನ ಮೇಲೆ ಸುಮಾರು 1,200 ಕಿ.ಮೀ.ನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸ್ಪರ್ಧೆ ಗೆದ್ದರು. ಆ ಸವಾರಿ ಈಗಲೂ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಬೆಂಗಳೂರಿನ ಸವಾರರೂ ಹೋಗುತ್ತಾರೆ. ಅದಕ್ಕೆ ಅರ್ಹತೆ ಪಡೆಯಲು ಓಡಿಸುವ 200ರಿಂದ 600 ಕಿ.ಮೀ.ನ ‘ಬ್ರೆವೆ’ ಎಂಬ ದೂರದ ಸವಾರಿಗಳಲ್ಲಿ ನಡುದಾರಿಯಲ್ಲಿ ಹಿಂದಿನಿಂದ ಕಾರು ಬಂದು ಸಹಾಯ ಮಾಡುವಂತಿಲ್ಲ. ರಾತ್ರಿ ಎರಡು ಗಂಟೆಗೆ ಚಳ್ಳಕೆರೆಯ ಆಚೆ ಗಾಳಿ ಹೋದರೆ ನಿಮ್ಮ ಕೈ, ನಿಮ್ಮ ಚೀಲ, ಅಷ್ಟೇ.

ಅಂಥ ಹೊತ್ತಿನಲ್ಲಿ ಬಹಳ ಜನ ಅವಸರದಲ್ಲಿ ಹಳೇ ಟ್ಯೂಬ್ ಎಳೆದು ಹೊಸದನ್ನು ತುರುಕುತ್ತಾರೆ. ಟೈರಿನಲ್ಲಿ ಉಳಿದ ಮುಳ್ಳು ಹತ್ತೇ ನಿಮಿಷದಲ್ಲಿ ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಇರುವುದು ಒಂದೇ ಟ್ಯೂಬ್ ಆದರೆ ಮುಂದೇನು? ಇದನ್ನು ತಪ್ಪಿಸುವ ಉಪಾಯ ಮನೆಯಲ್ಲೇ ಮಾಡಿಡುವಂಥದ್ದು. ಟೈರ್ ಹಾಕುವಾಗ ಅದರ ಮೇಲಿನ ಕಂಪನಿ ಹೆಸರು ಸರಿಯಾಗಿ ವಾಲ್ವ್ ಎದುರಿಗೆ ಬರುವಂತೆ ಕೂರಿಸಿ. ದಾರಿಯಲ್ಲಿ ಟ್ಯೂಬ್ ತೆಗೆದು, ಗಾಳಿ ತುಂಬಿ, ಮೇಲ್ದುಟಿಯ ಹತ್ತಿರ ಹಿಡಿದು ತಿರುಗಿಸಿದರೆ ಸಣ್ಣ ಸೋರಿಕೆಯೂ ತಣ್ಣಗೆ ತಗಲುತ್ತದೆ. ತೂತು ವಾಲ್ವಿನಿಂದ ಎರಡು ಗೇಣು ದೂರ ಇದೆ ಎಂದಾದರೆ ಮುಳ್ಳು ಟೈರಿನ ಹೆಸರಿನಿಂದ ಎರಡು ಗೇಣು ದೂರ, ಆ ಕಡೆ ಇಲ್ಲವೇ ಈ ಕಡೆ. ಅಲ್ಲಿ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ, ಸಿಕ್ಕಿಕೊಂಡ ಬಟ್ಟೆಯ ಎಳೆಯೇ ಮುಳ್ಳು ಎಲ್ಲಿದೆ ಎಂದು ತೋರಿಸುತ್ತದೆ. ಬರಿ ಬೆರಳು ಆಡಿಸಿದರೆ ಬೆರಳು ಕೊಯ್ಯುತ್ತದೆ.

ತೂತು ಎಲ್ಲಿದೆ ಎನ್ನುವುದೂ ಮುಖ್ಯ. ಹೊರಮೈಯಲ್ಲಿ ಒಂದೇ ಚುಕ್ಕೆ ಇದ್ದರೆ ಮುಳ್ಳು, ತಂತಿ, ಗಾಜು. ಜೋಡಿ ಸೀಳಿದ್ದರೆ ಗಾಳಿ ಕಡಿಮೆಯಿತ್ತು. ರಿಮ್ ಕಡೆಯ ಮೈಯಲ್ಲಿದ್ದರೆ ರಸ್ತೆಯದೇನೂ ತಪ್ಪಿಲ್ಲ. ಕಡ್ಡಿಗಳ ತಲೆ ಮುಚ್ಚುವ ಪಟ್ಟಿ ಸರಿದಿದೆ, ಅದನ್ನು ಸರಿಪಡಿಸದೆ ಎಷ್ಟು ಟ್ಯೂಬ್ ಹಾಕಿದರೂ ಹರಿಯುತ್ತವೆ. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬ್ ಬದಲಿಸಿ.

ಪ್ಯಾಚ್ ಹಾಕುವುದರಲ್ಲಿ ಒಳ್ಳೆಯ ರಸಾಯನಶಾಸ್ತ್ರ ಇದೆ. ಸೊಲ್ಯೂಷನ್ ಎಂದು ಕರೆಯುವುದು ಬರೀ ಅಂಟಲ್ಲ, ದ್ರಾವಕದಲ್ಲಿ ಕರಗಿಸಿದ ರಬ್ಬರ್ ಅದು. ಮೊದಲು ಉಜ್ಜುಕಾಗದದಿಂದ ತಿಕ್ಕಿ ಟ್ಯೂಬಿನ ಹೊಳಪು ಹೋಗಿಸಬೇಕು, ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಸವರಿದ ಪದಾರ್ಥ, ಪೌಡರ್ ಎಲ್ಲ ಅಲ್ಲೇ ಇರುತ್ತವೆ. ಸೊಲ್ಯೂಷನ್ ತೆಳ್ಳಗೆ ಹಚ್ಚಿದಾಗ ದ್ರಾವಕ ಟ್ಯೂಬಿನ ಮೇಲ್ಪದರವನ್ನು ಉಬ್ಬಿಸುತ್ತದೆ. ಕಿಟ್ಟಿನ ಜೊತೆ ಬರುವ ಪ್ಯಾಚಿನ ಅಡಿಯ ಮೆತ್ತನೆ ಪದರ ಇನ್ನೂ ಪೂರ್ತಿ ಬೇಯದ ರಬ್ಬರ್. ಎರಡೂ ಕೂಡಿದಾಗ ಗಂಧಕದ ಕೊಂಡಿಗಳು ಬೆಳೆದು ಬೆಸೆದುಕೊಳ್ಳುತ್ತವೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಬಿಸಿಯಲ್ಲಿ ಕಂಡ ವಲ್ಕನೀಕರಣ, ಅಂದರೆ ಗಂಧಕ ಬೆರೆಸಿ ರಬ್ಬರನ್ನು ಗಟ್ಟಿಮಾಡುವ ಕ್ರಿಯೆ, ಇಲ್ಲಿ ಬೆಂಕಿಯಿಲ್ಲದೆ ನಿಧಾನವಾಗಿ ನಡೆಯುತ್ತದೆ. ಆದರೆ ಒಂದು ಷರತ್ತಿದೆ: ದ್ರಾವಕ ಆರಿಹೋಗಬೇಕು. ಹಚ್ಚಿದ್ದು ಹೊಳಪು ಕಳೆದುಕೊಂಡು ಮಂಕಾಗುವವರೆಗೆ, ಐದು ನಿಮಿಷ, ಕಾಯಲೇಬೇಕು. ಹಸಿಯಾಗಿದ್ದಾಗ ಪ್ಯಾಚ್ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಪ್ಯಾಚ್ ಸರಿದುಹೋಗುತ್ತದೆ. ಪ್ಯಾಚ್ ಎದ್ದುಬಂತು ಎಂದು ದೂರುವವರಲ್ಲಿ ಹೆಚ್ಚಿನವರು ಈ ಐದು ನಿಮಿಷ ಕಾದಿರುವುದಿಲ್ಲ. ಒಮ್ಮೆ ಬಾಯಿ ತೆರೆದ ಸೊಲ್ಯೂಷನ್ ಟ್ಯೂಬು ಕೆಲವು ತಿಂಗಳಲ್ಲಿ ತಾನೇ ಒಣಗುತ್ತದೆ, ಹೊರಡುವ ಮುನ್ನ ಅದುಮಿ ನೋಡಿ.

ಚೀಲದಲ್ಲಿ ಎರಡು ಟ್ಯೂಬ್, ಪ್ಯಾಚ್ ಕಿಟ್ಟು, ಟೈರು ಕಳಚಲು ಎರಡು ಪ್ಲಾಸ್ಟಿಕ್ ಲಿವರ್, ಪಂಪು ಇದ್ದರೆ ಸಾಕು. ಸಪೂರ ಪ್ರೆಸ್ಟಾ ವಾಲ್ವಿನ ಸೈಕಲ್ಲಾದರೆ ಚಿಕ್ಕ ಹಿತ್ತಾಳೆ ಅಡಾಪ್ಟರ್ ಒಂದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಊರೂರಿನ ಪಂಚರ್ ಅಂಗಡಿಯಲ್ಲಿ ಬೈಕಿಗೆ ಗಾಳಿ ಹಾಕುವ ಪೈಪು ಎದುರಿಗಿದ್ದೂ ಉಪಯೋಗವಿಲ್ಲ. ಕಾರ್ಬನ್ ಡೈಆಕ್ಸೈಡ್ ತುಂಬಿದ 16 ಗ್ರಾಂ ಕಾರ್ಟ್ರಿಜ್ ಕ್ಷಣದಲ್ಲಿ ಟೈರು ತುಂಬಿಸುತ್ತದೆ, ನಿಜ. ಆದರೆ ಆ ಅನಿಲ ಟ್ಯೂಬಿನ ಬ್ಯೂಟೈಲ್ ರಬ್ಬರಿನಲ್ಲಿ ಗಾಳಿಗಿಂತ ಸುಲಭವಾಗಿ ಕರಗಿ ಹೊರಬೀಳುವುದರಿಂದ ಮರುದಿನ ಟೈರು ಮೆತ್ತಗಾಗಿರುತ್ತದೆ. ಕಾರ್ಟ್ರಿಜ್ ಮುಗಿದರೆ ಇನ್ನೊಂದು ದಾರಿಯೂ ಇಲ್ಲ. ನನ್ನ ನೆಚ್ಚಿಕೆ ಕೈಪಂಪಿನ ಮೇಲೆ.

ಅದಕ್ಕೂ ಲೆಕ್ಕ ಇದೆ. ಸಪೂರ ಟೈರಿನ ಟ್ಯೂಬಿಗೆ ಒಂದು ಲೀಟರ್ ಜಾಗ, 5 ಬಾರ್ ಬೇಕೆಂದರೆ ಐದು ಲೀಟರ್ ಹೊರಗಿನ ಗಾಳಿ ಅದರೊಳಗೆ ಹೋಗಬೇಕು. ಒಂದು ಒತ್ತಿಗೆ 35 ಮಿಲಿಲೀಟರ್ ತಳ್ಳುವ ಪಂಪಾದರೆ, ಸೋರಿದ್ದನ್ನು ಬಿಟ್ಟೇ, 140ಕ್ಕೂ ಹೆಚ್ಚು ಸಲ ಒತ್ತಬೇಕು. ಕೊನೆಯ ಒತ್ತುಗಳಲ್ಲಿ 2 ಸೆಂ.ಮೀ. ಅಗಲದ ಪಿಸ್ಟನ್ ತಳ್ಳಲು ಸುಮಾರು 16 ಕಿಲೋ ಭಾರ ಹಾಕಬೇಕು. ಪಂಪು ಸಪೂರವಾದಷ್ಟೂ ಶ್ರಮ ಕಡಿಮೆ, ಒತ್ತುಗಳು ಹೆಚ್ಚು. ಕೊಂಡ ದಿನವೇ ಟೈರಿನ ಗಾಳಿ ಪೂರ್ತಿ ಬಿಟ್ಟು, ಆ ಪಂಪಿನಿಂದಲೇ ತುಂಬಿ, ಮೀಟರ್ ಇಟ್ಟು ನೋಡಿ. 4 ಬಾರ್‌ಗೇ ಕೈ ಸೋತರೆ ಅಂಗಡಿಗೆ ವಾಪಸ್ ಕೊಟ್ಟು ಬೇರೆಯದು ತರಲು ಆಗ ಇನ್ನೂ ಸಮಯವಿರುತ್ತದೆ.