ಸೊಳ್ಳೆ ಸಿರಿಂಜಲ್ಲ ಸ್ವಾಮಿ

ಪ್ರಶ್ನೆ: ಪಕ್ಕದಲ್ಲಿ ಮಲಗಿದವರಿಗೆ ಮಲೇರಿಯಾ. ಅವರನ್ನು ಕಚ್ಚಿ ಎದ್ದ ಸೊಳ್ಳೆ ನೇರ ಬಂದು ನನ್ನನ್ನೂ ಕಚ್ಚಿತು. ಅವರ ರಕ್ತ ನನ್ನ ಮೈಗೆ ಸೇರಿದಂತಾಯಿತಲ್ಲ, ಇನ್ನು ನನಗೂ ಜ್ವರ ಗ್ಯಾರಂಟಿಯೇ?

ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಕೆಲವರು ಮಲೇರಿಯಾ ಎನ್ನುತ್ತಾರೆ, ಕೆಲವರು ದನಿ ತಗ್ಗಿಸಿ ಏಡ್ಸ್ ಎನ್ನುತ್ತಾರೆ. ಒಳಗಿನ ನಂಬಿಕೆ ಮಾತ್ರ ಒಂದೇ: ಸೊಳ್ಳೆಯೆಂದರೆ ಹಾರಾಡುವ ಸಿರಿಂಜು, ಒಬ್ಬರಿಂದ ಎಳೆದ ರಕ್ತವನ್ನು ಇನ್ನೊಬ್ಬರಿಗೆ ಚುಚ್ಚುತ್ತದೆ. ಚುಟುಕು ಉತ್ತರ ಬೇಕಿದ್ದರೆ ತಗೊಳ್ಳಿ: ಅವರಿಂದ ಆಗಷ್ಟೇ ಕುಡಿದ ರಕ್ತದಿಂದ ನಿಮಗೆ ಮಲೇರಿಯಾ ಬರುವುದಿಲ್ಲ. ಆ ಸೊಳ್ಳೆಯಿಂದಲೇ ಬಂತು ಅಂತಾದರೆ, ಅದು ಹತ್ತು ಹನ್ನೆರಡು ದಿನದ ಹಿಂದೆ ಇನ್ಯಾರಲ್ಲೋ ಕುಡಿದದ್ದರ ಫಲ.

ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ಸೊಂಡಿಲಿನಿಂದಲೇ ಶುರು ಮಾಡೋಣ.

ಕಣ್ಣಿಗೆ ಕಾಣುವ ಸೊಂಡಿಲು ಬರೀ ಒರೆ. ಕಚ್ಚುವಾಗ ಅದು ಬಿಲ್ಲಿನಂತೆ ಬಾಗಿ ಹಿಂದೆ ಸರಿದು ಹೊರಗೇ ಉಳಿಯುತ್ತದೆ. ಚರ್ಮದೊಳಗೆ ಇಳಿಯುವುದು ಒರೆಯೊಳಗಿನ ಕೂದಲಿಗಿಂತ ಸಣ್ಣ ಆರು ಎಳೆಗಳು. ಅದರಲ್ಲಿ ನಾಲ್ಕು ಕೊಯ್ಯುವ, ದಾರಿ ಬಿಡಿಸುವ ಕೆಲಸಕ್ಕೆ. ಮಿಕ್ಕ ಎರಡನ್ನು ನೆನಪಿಟ್ಟುಕೊಳ್ಳಿ: ಒಂದು ರಕ್ತ ಮೇಲೇರುವ ಕೊಳವೆ, ಇನ್ನೊಂದು ಜೊಲ್ಲು ಕೆಳಗಿಳಿಯುವ ಕೊಳವೆ. ಏರುವ ದಾರಿಯಲ್ಲಿ ಯಾವುದೂ ಇಳಿಯುವುದಿಲ್ಲ, ಇಳಿಯುವ ದಾರಿಯಲ್ಲಿ ಯಾವುದೂ ಏರುವುದಿಲ್ಲ. ಸಿರಿಂಜಿಗೆ ಇರುವುದು ಒಂದೇ ದಾರಿ. ಹೋಲಿಕೆ ಅಲ್ಲೇ ಮುರಿದುಬಿತ್ತು.

ಸೊಳ್ಳೆ ನಿಮ್ಮೊಳಗೆ ಬಿಡುವುದು ಜೊಲ್ಲನ್ನು ಮಾತ್ರ. ರಕ್ತ ಹೆಪ್ಪುಗಟ್ಟದಿರಲಿ, ನಾಳ ಹಿಗ್ಗಲಿ ಎಂದು. ಆಮೇಲಿನ ತುರಿಕೆ ಆ ಜೊಲ್ಲಿನ ಮೇಲೆ ನಿಮ್ಮ ಮೈಯ ಸಿಟ್ಟು. ಕುಡಿದ ರಕ್ತ ಹೊಟ್ಟೆಗೆ ಹೋಗಿ ಜೀರ್ಣವಾಗುತ್ತದೆ. ಎಚ್‌ಐವಿ ವೈರಸ್ಸಿಗೆ ಬದುಕಲು ಬೇಕಾದ ಜೀವಕೋಶ ಸೊಳ್ಳೆಯಲ್ಲಿಲ್ಲ. ರಕ್ತದ ಜತೆ ಅದೂ ಅರಗಿಹೋಗುತ್ತದೆ. ಇನ್ನೂ ಅನುಮಾನವೇ? ಸೊಳ್ಳೆ ಮಕ್ಕಳನ್ನೂ ಮುದುಕರನ್ನೂ ಬಿಡುವುದಿಲ್ಲ. ಏಡ್ಸ್ ಸೊಳ್ಳೆಯಿಂದ ಹರಡುವಂತಿದ್ದರೆ ಎಲ್ಲ ವಯಸ್ಸಿನವರಲ್ಲೂ ಒಂದೇ ತೆರನಾಗಿ ಕಾಣಬೇಕಿತ್ತು. ಎಲ್ಲೂ ಹಾಗೆ ಕಂಡಿಲ್ಲ.

"ಹಾಗಾದರೆ ಮಲೇರಿಯಾ ಹೇಗೆ ದಾಟುತ್ತದೆ ಸಾರ್?" ಇದು ಸರಿಯಾದ ಪ್ರಶ್ನೆ. ಮಲೇರಿಯಾದ ಪರಾವಲಂಬಿಗೆ ಸೊಳ್ಳೆ ಬರೀ ವಾಹನವಲ್ಲ, ಮದುವೆ ಛತ್ರ. ಅದರ ಗಂಡು ಹೆಣ್ಣು ಕೂಡುವುದೇ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ. ರಕ್ತ ಹೊಟ್ಟೆ ಸೇರಿದ ಹತ್ತಿಪ್ಪತ್ತು ನಿಮಿಷದಲ್ಲೇ ಗಂಡು ರೂಪಗಳು ಬಾಲ ಬಡಿಯುತ್ತ ಹೊರಬೀಳುತ್ತವೆ. ಕೂಡಿ ಹುಟ್ಟಿದ್ದು ಹೊಟ್ಟೆಯ ಗೋಡೆ ಕೊರೆದು ಹೊರಮೈಗೆ ಅಂಟಿ ಗಂಟಾಗುತ್ತದೆ. ಗಂಟಿನೊಳಗೆ ಸಾವಿರಾರು ಮರಿಗಳು ಬಲಿಯುತ್ತವೆ. ಗಂಟು ಒಡೆದ ಮೇಲೆ ಅವು ಈಜಿಕೊಂಡು ಜೊಲ್ಲಿನ ಗ್ರಂಥಿಗೆ ಸೇರುತ್ತವೆ. ಬೆಚ್ಚಗಿನ ಹವೆಯಲ್ಲೂ ಇದಕ್ಕೆಲ್ಲ ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟಾದ ಮೇಲೆ ಕಚ್ಚಿದಾಗ ಜೊಲ್ಲಿನ ಜತೆ ಅವೂ ಇಳಿಯುತ್ತವೆ.

ಪಾಠ ಹೇಳುತ್ತಿದ್ದ ಕಾಲದಲ್ಲಿ ಇದನ್ನು ತೋರಿಸಿಯೇ ಬಿಡುತ್ತಿದ್ದೆ. ಉಪ್ಪುನೀರಿನ ಹನಿಯಲ್ಲಿ ಸೊಳ್ಳೆಯನ್ನಿಟ್ಟು, ಒಂದು ಸೂಜಿಯಿಂದ ಎದೆ ಒತ್ತಿಹಿಡಿದು, ಇನ್ನೊಂದರಿಂದ ತಲೆಯನ್ನು ಮೆಲ್ಲಗೆ ಎಳೆಯಬೇಕು. ಕೈ ಪಳಗಿದ್ದರೆ ತಲೆಯ ಹಿಂದೆಯೇ ಗಾಜಿನಂತೆ ಹೊಳೆಯುವ, ಮೂರು ಮೂರು ಎಸಳಿನ ಎರಡು ಗ್ರಂಥಿಗಳು ಜಾರಿಬರುತ್ತವೆ. ಹುಡುಗರು ಅವಸರದಲ್ಲಿ ಎಳೆದು ಬರೀ ತಲೆ ಕಿತ್ತುಕೊಳ್ಳುತ್ತಿದ್ದರು. ಗ್ರಂಥಿ ಒಂದು ಕಡೆ, ರಕ್ತದ ಹೊಟ್ಟೆ ಇನ್ನೊಂದು ಕಡೆ, ಎರಡೂ ಬೇರೆ ಎಂದು ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಸಿರಿಂಜಿನ ಮಾತೆತ್ತಿದ್ದಿಲ್ಲ.

ತಪ್ಪು ತಿಳಿದವರು ನೀವೊಬ್ಬರೇ ಅಲ್ಲ, ಬೇಸರ ಬೇಡ. ಸೊಳ್ಳೆ ಒಮ್ಮೆ ರಕ್ತ ಕುಡಿದು, ಮೊಟ್ಟೆಯಿಟ್ಟು, ನೀರಲ್ಲೇ ಸಾಯುತ್ತದೆ, ಆ ನೀರು ಕುಡಿದವರಿಗೆ ಮಲೇರಿಯಾ ಬರುತ್ತದೆ ಎಂದು ಹೆಸರಾಂತ ಬ್ರಿಟಿಷ್ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ನಂಬಿದ್ದರು. ಅವರ ಮಾತು ಹಿಡಿದು, ಭಾರತದಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಅಂಥ ನೀರನ್ನು ಕುಡಿಸಿಯೂ ನೋಡಿದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರಾಸ್ ಅವರಿಗೆ ಸೊಳ್ಳೆಯ ಹೊಟ್ಟೆಗೋಡೆಯ ಗಂಟುಗಳು ಕಂಡವು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾದ ಜಾಡು ಹಿಡಿದು ಹೋದಾಗ ಜೊಲ್ಲಿನ ಗ್ರಂಥಿಯ ಬಾಗಿಲು ಸಿಕ್ಕಿತು. ಸೊಳ್ಳೆ ಒಂದೇ ಸಲ ಕುಡಿಯುವುದಿಲ್ಲ, ಎರಡು ಮೂರು ದಿನಕ್ಕೊಮ್ಮೆ ಮೊಟ್ಟೆಯ ಪ್ರೋಟೀನಿಗಾಗಿ ಮತ್ತೆ ಮತ್ತೆ ಬರುತ್ತದೆ ಎಂಬುದು ತಿಳಿಯದಿದ್ದರೆ ರೋಗದ ಲೆಕ್ಕ ಕೂಡುವುದೇ ಇಲ್ಲ.

ಲೆಕ್ಕ ಎಂದೆನಲ್ಲ, ಮಾಡಿಯೇ ನೋಡಿ. ನೂರು ಸೊಳ್ಳೆಗಳಲ್ಲಿ ದಿನಕ್ಕೆ ನೂರಕ್ಕೆ ಇಪ್ಪತ್ತರಂತೆ ಸಾಯುತ್ತವೆ ಎಂದುಕೊಳ್ಳಿ. 12ನೇ ದಿನಕ್ಕೆ ಉಳಿಯುವುದು ಸುಮಾರು ಏಳು. ಔಷಧಿ ಸವರಿದ ಪರದೆ ಕಟ್ಟಿ ದಿನದ ಸಾವನ್ನು ನೂರಕ್ಕೆ ಮೂವತ್ತಕ್ಕೆ ಏರಿಸಿದರೆ ಉಳಿಯುವುದು ಒಂದು. ಹೆದರಬೇಕಾದದ್ದು ಮುದಿ ಸೊಳ್ಳೆಗೆ, ನಿನ್ನೆ ಹುಟ್ಟಿದ್ದಕ್ಕಲ್ಲ.

ಸಿರಿಂಜಿನಂತೆ ನಡೆದುಕೊಳ್ಳುವ ಕೀಟ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ದನ, ಕುದುರೆ, ಒಂಟೆಗಳನ್ನು ಕಾಡುವ ಸರ್ರಾ ರೋಗ ಕುದುರೆ ನೊಣದಿಂದ ಹೀಗೇ ದಾಟುತ್ತದೆ. ಅದರ ಕಡಿತಕ್ಕೆ ಪ್ರಾಣಿ ಬೆದರಿ ಮೈ ಕೊಡವುತ್ತದೆ. ಅರೆಹೊಟ್ಟೆಯ ನೊಣ ರಕ್ತ ಮೆತ್ತಿದ ಬಾಯಲ್ಲೇ ಪಕ್ಕದ ಪ್ರಾಣಿಗೆ ಬಾಯಿ ಹಾಕುತ್ತದೆ. ಎಲ್ಲ ನಿಮಿಷಗಳ ಆಟ. ಸೊಳ್ಳೆಯದು ದಿನಗಳದ್ದು.

ಇನ್ನು ಯಾರೂ ಕೇಳದ ಒಂದು ಪ್ರಶ್ನೆ. ಆನೆಕಾಲು ರೋಗದ ಪರೀಕ್ಷೆಗೆ ರಕ್ತ ತೆಗೆಯುವವರು ರಾತ್ರಿ ಹತ್ತರ ಮೇಲೆ ಬಂದು ಯಾಕೆ ಬಾಗಿಲು ತಟ್ಟುತ್ತಾರೆ? ಬೈಯಬೇಡಿ, ಅವರಿಗೂ ನಿದ್ದೆ ಬರುತ್ತದೆ. ಈ ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದು ರಾತ್ರಿ. ರೋಗ ತರುವ ಹುಳುವಿನ ಮರಿಗಳು ಹಗಲೆಲ್ಲ ರೋಗಿಯ ಶ್ವಾಸಕೋಶದ ನಾಳಗಳಲ್ಲಿ ಅಡಗಿದ್ದು, ಸೊಳ್ಳೆಯ ಊಟದ ಹೊತ್ತಿಗೆ ಸರಿಯಾಗಿ ಚರ್ಮದ ಬಳಿಯ ರಕ್ತಕ್ಕೆ ಬರುತ್ತವೆ. ಆಫ್ರಿಕದ ಲೋವಾ ಹುಳು ಹಗಲು ಕಚ್ಚುವ ನೊಣದಿಂದ ಹರಡುವಂಥದ್ದು, ಅದರ ಮರಿಗಳು ರಕ್ತಕ್ಕೆ ಬರುವುದೂ ಹಗಲಿಗೇ. ಈ ಗಡಿಯಾರ ನಡೆಯುವುದು ಸೂರ್ಯನನ್ನು ನೋಡಿ ಅಲ್ಲ, ನಿಮ್ಮ ನಿದ್ದೆಯನ್ನು ನೋಡಿ. ಸ್ಟೀಫನ್ ಮೆಕೆಂಜಿ ಎಂಬ ವೈದ್ಯರು 1881ರಲ್ಲಿ ಒಬ್ಬ ರೋಗಿಯನ್ನು ಹಗಲು ಮಲಗಿಸಿ ರಾತ್ರಿ ಎಚ್ಚರವಿರಿಸಿದಾಗ, ಕೆಲ ದಿನಗಳಲ್ಲೇ ಹುಳುಗಳು ತಮ್ಮ ವೇಳೆಯನ್ನು ತಿರುಗುಮುರುಗು ಮಾಡಿಕೊಂಡವು. ಹಾಗಾಗಿ ಕಾಯಂ ರಾತ್ರಿ ಪಾಳಿಯವರು ರಕ್ತ ಕೊಡುವ ಮೊದಲು ತಾವು ಮಲಗುವುದು ಯಾವ ಹೊತ್ತಿಗೆ ಎಂದು ಹೇಳಿಬಿಡಿ.