ಹತ್ತು ಕಾಲೇಜಿಗೆ ಅರ್ಜಿ ಹಾಕಿದರೆ ಹತ್ತು ಅವಕಾಶ ಸಿಕ್ಕಿತೇ?

ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವವರ ನಡುವೆ ಒಂದು ಲೆಕ್ಕ ಓಡಾಡುತ್ತಿರುತ್ತದೆ. ನೋಡಲು ಗಣಿತದ ಹಾಗೇ ಇದೆ. ಅದಕ್ಕೇ ನನಗೆ ಅದರ ಮೇಲೆ ಸಿಟ್ಟು ಜಾಸ್ತಿ. ಲೆಕ್ಕ ಹೀಗೆ: ಒಂದು ಕಾಲೇಜಿನಲ್ಲಿ ನನಗೆ ಸೀಟು ಸಿಗುವ ಸಾಧ್ಯತೆ ಶೇ. 10. ಹತ್ತು ಕಾಲೇಜಿಗೆ ಅರ್ಜಿ ಹಾಕುತ್ತೇನೆ. ಹತ್ತು ಹತ್ತಲಿ ನೂರು. ಎಲ್ಲಾದರೂ ಒಂದು ಕಡೆ ಸಿಕ್ಕೇ ಸಿಗುತ್ತದೆ.

ಸ್ವಲ್ಪ ಓದಿಕೊಂಡವರು ಇದನ್ನು ತಿದ್ದುತ್ತಾರೆ. ಹಾಗೆ ಕೂಡುವ ಹಾಗಿಲ್ಲ, ಸಿಗದೇ ಹೋಗುವ ಸಾಧ್ಯತೆಗಳನ್ನು ಗುಣಿಸಬೇಕು ಅನ್ನುತ್ತಾರೆ. ಒಂದೊಂದು ಕಡೆ ಸಿಗದೇ ಹೋಗುವ ಸಾಧ್ಯತೆ 0.9. ಅದನ್ನು ಹತ್ತು ಸಲ ಗುಣಿಸಿದರೆ ಸುಮಾರು 0.35. ಹಾಗಾಗಿ ಎಲ್ಲಾದರೂ ಒಂದು ಕಡೆ ಸಿಗುವ ಸಾಧ್ಯತೆ ಶೇ. 65. ಪಠ್ಯಪುಸ್ತಕದ ಪ್ರಕಾರ ಇದು ಸರಿ. ದಾಳಗಳ ವಿಷಯದಲ್ಲೂ ಸರಿ. ಅರ್ಜಿಗಳ ವಿಷಯದಲ್ಲಿ ಇದೂ ತಪ್ಪು, ಮತ್ತು ಮೊದಲನೆಯದಕ್ಕಿಂತ ಅಪಾಯದ ತಪ್ಪು. ಯಾಕೆಂದರೆ ಇದನ್ನು ಜನ ನಂಬುತ್ತಾರೆ.

ಒಂದು ದಾಳಕ್ಕೆ ಇನ್ನೊಂದು ದಾಳದ ಸುದ್ದಿ ಗೊತ್ತಿಲ್ಲ. ಹತ್ತು ಆಯ್ಕೆ ಸಮಿತಿಗಳು ಹಾಗಲ್ಲ. ಅವು ಪರಸ್ಪರ ಮಾತಾಡಿಕೊಳ್ಳದೇ ಇರಬಹುದು. ಆದರೆ ಹತ್ತೂ ಓದುವುದು ಒಂದೇ ಅರ್ಜಿಯನ್ನು. ಅದೇ ಮಾರ್ಕ್ಸ್, ಅದೇ ಶಿಫಾರಸು ಪತ್ರ, ಅದೇ ಸಪ್ಪೆ ಪ್ರಬಂಧ. ಒಂದೇ ತಂತಿಯಿಂದ ಕರೆಂಟು ಪಡೆಯುವ ಹತ್ತು ಬಲ್ಬುಗಳ ಹಾಗೆ. ಒಂದೊಂದು ಬಲ್ಬು ಸುಟ್ಟುಹೋಗುವುದು ಬೇರೆ ವಿಷಯ. ತಂತಿಯೇ ಕಡಿದರೆ ಹತ್ತೂ ಒಟ್ಟಿಗೆ ಆರುತ್ತವೆ. ಬಲ್ಬು ಎಷ್ಟಿವೆ ಅಂತ ಎಣಿಸಿ ಏನು ಪ್ರಯೋಜನ?

ಇದನ್ನು ಅಂಕಿಗಳಲ್ಲೇ ನೋಡೋಣ. ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಿ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ನಿಮ್ಮಷ್ಟೇ ಮಾರ್ಕ್ಸ್ ಇರುವ ನೂರು ಜನರನ್ನು ಕಲ್ಪಿಸಿಕೊಳ್ಳಿ. ನೂರೂ ಜನ ಅದೇ ಹತ್ತು ಕಾಲೇಜುಗಳಿಗೆ ಅರ್ಜಿ ಹಾಕಿದ್ದಾರೆ. ಯಾವ ಕಾಲೇಜಿನ ದಾಖಲೆ ತೆಗೆದರೂ ಈ ನೂರರಲ್ಲಿ ಹತ್ತು ಜನಕ್ಕೆ ಸೀಟು ಸಿಕ್ಕಿದೆ. ಹಾಗಾದರೆ ಆ ಹತ್ತು ಜನ ಯಾರು? ಪ್ರತಿ ಕಾಲೇಜಿನಲ್ಲೂ ಬೇರೆ ಬೇರೆಯವರೋ, ಎಲ್ಲ ಕಡೆಯೂ ಅದೇ ಹತ್ತು ಜನವೋ?

ನೂರು ಜನರೂ ಎಲ್ಲ ರೀತಿಯಲ್ಲೂ ಸಮಾನರು, ಪ್ರತಿ ಕಾಲೇಜೂ ತನ್ನದೇ ದಾಳ ಉರುಳಿಸುತ್ತದೆ ಅಂತಿಟ್ಟುಕೊಂಡರೆ, ಎಲ್ಲಾದರೂ ಒಂದು ಕಡೆ ಸೀಟು ಪಡೆಯುವವರು ಸುಮಾರು 65 ಜನ. ಪಠ್ಯಪುಸ್ತಕದ ಉತ್ತರ ಇದೇ.

ಈಗ ಸ್ವಲ್ಪ ಬದಲಿಸಿ. ನೂರರಲ್ಲಿ 50 ಜನರ ಅರ್ಜಿಯಲ್ಲಿ ಮಾರ್ಕ್ಸ್ ಬಿಟ್ಟು ಇನ್ನೇನೋ ಇದೆ. ಆಸ್ಪತ್ರೆಯಲ್ಲಿ ದುಡಿದ ಅನುಭವ ಇರಬಹುದು, ಮನಸ್ಸಿನಿಂದ ಬರೆದ ಶಿಫಾರಸು ಪತ್ರ ಇರಬಹುದು. ಎಲ್ಲ ಕಾಲೇಜುಗಳೂ ಅದನ್ನು ಗುರುತಿಸುತ್ತವೆ. ಈ 50 ಜನಕ್ಕೆ ಪ್ರತಿ ಕಾಲೇಜಿನಲ್ಲಿ ಶೇ. 20 ಸಾಧ್ಯತೆ, ಉಳಿದ 50 ಜನಕ್ಕೆ ಸೊನ್ನೆ. ಕಾಲೇಜಿನ ದಾಖಲೆಯಲ್ಲಿ ಸರಾಸರಿ ಈಗಲೂ ಶೇ. 10. ಆದರೆ ಕೊನೆಗೆ ಸೀಟು ಪಡೆದವರು 65 ಅಲ್ಲ, ಸುಮಾರು 45. ಆ ವಿಶೇಷ ಅಂಶ 25 ಜನರಲ್ಲಿ ಮಾತ್ರ ಇದೆ, ಅವರಿಗೆ ತಲಾ ಶೇ. 40 ಸಾಧ್ಯತೆ ಅಂತ ಇಟ್ಟರೆ, ಸೀಟು ಪಡೆದವರು 25ರ ಹತ್ತಿರ. ಎಲ್ಲ ಕಾಲೇಜುಗಳೂ ಅದೇ ಹತ್ತು ಜನರನ್ನು ಆರಿಸಿದರೆ, ಬರೀ 10.

65, 45, 25, 10. ನಾಲ್ಕರಲ್ಲೂ ಕಾಲೇಜುಗಳ ದಾಖಲೆ ಒಂದೇ. ಅರ್ಜಿಗಳ ಸಂಖ್ಯೆಯೂ ಒಂದೇ. ಬದಲಾಗಿದ್ದು ಒಂದೇ ಒಂದು ವಿಷಯ: ಕಾಲೇಜುಗಳ ತೀರ್ಮಾನಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ ಅನ್ನುವುದು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಹಸಂಬಂಧ ಅನ್ನುತ್ತಾರೆ. ‘ನನ್ನ ಚಾನ್ಸ್ ಎಷ್ಟು?’ ಅಂತ ಕೇಳುವವರೆಲ್ಲ ಆ ಶೇ. 10ರ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಈ ಸಹಸಂಬಂಧದ ಬಗ್ಗೆ ಯಾರೂ ಕೇಳುವುದಿಲ್ಲ.

ಇದೇ ಲೆಕ್ಕ ಒಂದು ಮೂಢನಂಬಿಕೆಯನ್ನೂ ಮುಗಿಸಿಬಿಡುತ್ತದೆ. ಐದು ಕಡೆ ‘ಇಲ್ಲ’ ಅಂತ ಬಂದಿದೆ, ಇನ್ನು ನನ್ನ ಸರದಿ ಬರಲೇಬೇಕು ಅನ್ನುವ ನಂಬಿಕೆ. ಮೇಲಿನ ಎರಡನೇ ಲೆಕ್ಕಕ್ಕೆ ಬನ್ನಿ. ಮೊದಲ ಐದು ಕಾಲೇಜುಗಳಲ್ಲೂ ತಿರಸ್ಕಾರವಾದವರು ಯಾರು? ಸಾಧ್ಯತೆಯೇ ಇಲ್ಲದ 50 ಜನ ಪೂರ್ತಿ ಇದ್ದಾರೆ. ಶೇ. 20 ಸಾಧ್ಯತೆ ಇದ್ದವರಲ್ಲಿ ಉಳಿದವರು ಸುಮಾರು 16. ಒಟ್ಟು 66. ಆರನೇ ಕಾಲೇಜಿನಲ್ಲಿ ಈ 66 ಜನರಲ್ಲಿ ಸೀಟು ಸಿಗುವುದು ಮೂವರಿಗೆ. ಅಂದರೆ ಶೇ. 10 ಇದ್ದದ್ದು ಶೇ. 5ಕ್ಕೆ ಇಳಿಯಿತು. ಶುದ್ಧ ದಾಳದ ಲೆಕ್ಕದಲ್ಲಿ ಅದು 10ರಲ್ಲೇ ನಿಲ್ಲುತ್ತದೆ. ಕೊನೆಯ ಲೆಕ್ಕದಲ್ಲಿ ಸೊನ್ನೆ. ಏರುವುದು ಮಾತ್ರ ನಾಲ್ಕರಲ್ಲಿ ಯಾವುದರಲ್ಲೂ ಇಲ್ಲ. ಆರನೇ ಸಂದರ್ಶನಕ್ಕೆ ಅಂಗಿಯ ಬಣ್ಣ, ಗಳಿಗೆ, ಪೆನ್ನು ಎಲ್ಲ ಬದಲಿಸುವವರು ಇದನ್ನು ಒಮ್ಮೆ ನೋಡಬೇಕು.

ಇದರ ಇನ್ನೊಂದು ಮುಖವೂ ಇದೆ. ಇದೇ ಎರಡನೇ ಲೆಕ್ಕದಲ್ಲಿ ಒಂದು ಕಡೆ ಸೀಟು ಸಿಕ್ಕವರಿಗೆ ಮುಂದಿನ ಕಡೆ ಸಿಗುವ ಸಾಧ್ಯತೆ ತಟ್ಟನೆ ಶೇ. 20ಕ್ಕೆ ಏರುತ್ತದೆ. ಯಾಕೆಂದರೆ ಅವರು ಯಾವ ಗುಂಪಿನವರು ಅನ್ನುವುದು ಗೊತ್ತಾಯಿತು. ಒಬ್ಬನಿಗೆ ನಾಲ್ಕೈದು ಕಡೆ ಸೀಟು, ಅಷ್ಟೇ ಮಾರ್ಕ್ಸ್ ಇರುವ ಇನ್ನೊಬ್ಬಳಿಗೆ ಒಂದೂ ಇಲ್ಲ. ನೋಡಿದವರು ಹಣೆಬರಹ ಅನ್ನುತ್ತಾರೆ. ಹಣೆ ಬೇಡ, ಸಹಸಂಬಂಧ ಸಾಕು.

ಸಾಧ್ಯತೆಗಳನ್ನು ಸುಮ್ನೆ ಕೂಡುವ ತಪ್ಪಿಗೆ ಸುಮಾರು 500 ವರ್ಷದ ಇತಿಹಾಸ ಇದೆ. ಅದನ್ನು ಮಾಡಿದವನು ಒಬ್ಬ ವೈದ್ಯ ಅನ್ನುವುದು ಇನ್ನೂ ಮಜಾ. ಇಟಲಿಯ ಜೆರೊಲಾಮೊ ಕಾರ್ಡಾನೊ, 1501ರಲ್ಲಿ ಹುಟ್ಟಿದವನು. ವೈದ್ಯ, ಗಣಿತಜ್ಞ, ಜೂಜುಕೋರ, ಜ್ಯೋತಿಷಿ ಎಲ್ಲವೂ ಹೌದು. ದಾಳದ ಆಟದ ಬಗ್ಗೆ ಅವನು ಬರೆದ ಪುಸ್ತಕ ಅಚ್ಚಾಗಿದ್ದು 1663ರಲ್ಲಿ, ಅವನು ಸತ್ತು 87 ವರ್ಷ ಆದ ಮೇಲೆ. ಅದರಲ್ಲಿ ಒಂದು ಕಡೆ ಅವನು ನಮ್ಮ ಹತ್ತು ಹತ್ತಲಿ ನೂರು ಲೆಕ್ಕವನ್ನೇ ಮಾಡುತ್ತಾನೆ. ಒಂದು ಎಸೆತದಲ್ಲಿ ಬೇಕಾದ ಮುಖ ಬೀಳುವುದು ಆರರಲ್ಲಿ ಒಂದು ಸಲ, ಹಾಗಾಗಿ ಮೂರು ಎಸೆತಕ್ಕೆ ಅರ್ಧಕ್ಕರ್ಧ. ನಿಜವಾದ ಉತ್ತರ ಶೇ. 42. ಅವನ ದೊಡ್ಡಗುಣ ಅಂದರೆ ಮುಂದೆ ಅದೇ ಪುಸ್ತಕದಲ್ಲಿ ತಾನೇ ತಪ್ಪು ಹಿಡಿದು, ಗುಣಿಸುವ ದಾರಿಗೆ ಬರುತ್ತಾನೆ.

ಆದರೆ ಅವನ ಸ್ವಂತ ಬದುಕಿನ ಅರ್ಜಿಗಳಿಗೆ ಗುಣಾಕಾರವೂ ಸಹಾಯ ಮಾಡುತ್ತಿರಲಿಲ್ಲ. ಮಿಲಾನಿನಲ್ಲಿ ವೈದ್ಯವೃತ್ತಿ ಮಾಡಲು ಅಲ್ಲಿನ ವೈದ್ಯರ ಸಂಘದ ಸದಸ್ಯತ್ವ ಬೇಕಿತ್ತು. ಕಾರ್ಡಾನೊ ಅರ್ಜಿ ಹಾಕಿದ. ತಿರಸ್ಕಾರ. ಮತ್ತೆ ಹಾಕಿದ. ಮತ್ತೆ ತಿರಸ್ಕಾರ. ಅವನು ಹುಟ್ಟಿದಾಗ ತಂದೆತಾಯಿಗೆ ಮದುವೆ ಆಗಿರಲಿಲ್ಲ ಅನ್ನುವುದು ಕಾರಣ. ಅರ್ಜಿ ಹಾಕಿದಷ್ಟು ಸಲವೂ ಆ ಕಾರಣ ಹಾಗೇ ಇತ್ತು. ಕೊನೆಗೆ 1539ರಲ್ಲಿ ಸಂಘ ನಿಯಮ ಸಡಿಲಿಸಿ ಅವನನ್ನು ಸೇರಿಸಿಕೊಂಡಿತು. ಅಲ್ಲಿಯತನಕ ಅವನು ದಾಳ ಎಸೆದೇ ಇರಲಿಲ್ಲ, ಎಸೆದೆ ಅಂದುಕೊಂಡಿದ್ದ ಅಷ್ಟೇ.

ಇಷ್ಟು ಬುದ್ಧಿವಂತ ಜಾತಕ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಇಂಗ್ಲೆಂಡಿನ ಬಾಲರಾಜ ಆರನೇ ಎಡ್ವರ್ಡ್‌ಗೆ ದೀರ್ಘಾಯುಷ್ಯ ಅಂತ ಜಾತಕ ಬರೆದ. ಹುಡುಗ 1553ರಲ್ಲಿ, 15ನೇ ವಯಸ್ಸಿನಲ್ಲಿ ತೀರಿಕೊಂಡ. ಸಾಧ್ಯತೆಯ ಶಾಸ್ತ್ರ ಶುರುವಾಗಿದ್ದು ಇಂಥ ತಲೆಯಿಂದ. ಇರಲಿ.

ಮೇಲಿನ ನಾಲ್ಕು ಲೆಕ್ಕಗಳು ಬರೀ ಕಲ್ಪನೆ ಅಲ್ಲ. ಒಂದೇ ಪ್ರವೇಶ ಪರೀಕ್ಷೆ, ಒಂದೇ ರ‍್ಯಾಂಕ್ ಪಟ್ಟಿ ಇರುವ ಕಡೆ ನಾಲ್ಕನೆಯದು ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ. ಕಡಿಮೆ ಕಟ್‌ಆಫ್ ಇರುವ ಕಾಲೇಜೇ ಸಿಗದಿದ್ದರೆ ಮೇಲಿನದು ಸಿಗುವ ಮಾತೇ ಇಲ್ಲ. ಅಲ್ಲಿ ಹತ್ತು ಆಯ್ಕೆ ತುಂಬಿದರೂ ಅವಕಾಶ ಇರುವುದು ಒಂದೇ, ಪರೀಕ್ಷೆ ಬರೆದ ದಿನದ್ದು. ಇದಕ್ಕೆ ಪೂರ್ತಿ ಉಲ್ಟಾ ನೆದರ್ಲೆಂಡ್ಸ್. ಅಲ್ಲಿ 1970ರ ದಶಕದಿಂದ ಬಹುಕಾಲ ಮೆಡಿಕಲ್ ಸೀಟುಗಳನ್ನು ಲಾಟರಿ ಎತ್ತಿಯೇ ಹಂಚುತ್ತಿದ್ದರು. ಶಾಲೆಯ ಮಾರ್ಕ್ಸ್ ಜಾಸ್ತಿ ಇದ್ದವರಿಗೆ ಅವಕಾಶ ಜಾಸ್ತಿ, ಆದರೆ ಹೆಚ್ಚಿನವರಿಗೆ ಖಾತ್ರಿ ಇಲ್ಲ. 2017ರ ಹೊತ್ತಿಗೆ ನಿಲ್ಲಿಸಿದರು. 2023ರಿಂದ ಬೇಕಾದ ಕಾಲೇಜುಗಳು ಮತ್ತೆ ಬಳಸಬಹುದು ಅಂದರು. ಅನ್ಯಾಯ ಅಂತ ಬಹಳ ಜನ ಬೈದರು. ಆದರೂ ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಲಾಟರಿಯಲ್ಲಿ ಸೋತವಳಿಗೆ ಆ ಸೋಲು ಅವಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಸಮಿತಿಗಳೆಲ್ಲ ಒಟ್ಟಾಗಿ ಬೇಡ ಅಂದರೆ ಅಭ್ಯರ್ಥಿಯಲ್ಲೇ ದೋಷ ಇದೆ ಅಂತಲೇ? ಅಲ್ಲ. ಇಲ್ಲಿ ಅಮೆರಿಕದ ಹ್ಯೂಸ್ಟನ್ ಕಥೆ ಹೇಳಲೇಬೇಕು. 1979ರಲ್ಲಿ ಅಲ್ಲಿನ ಟೆಕ್ಸಸ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು 150 ಜನರನ್ನು ಆರಿಸಿ ಮುಗಿಸಿತ್ತು. ಆಮೇಲೆ ರಾಜ್ಯದ ಶಾಸನಸಭೆ, 200 ಮಾಡಿ ಅಂದಿತು. ಅಷ್ಟರಲ್ಲಿ ಪಟ್ಟಿಯ ಮೇಲಿನವರೆಲ್ಲ ಬೇರೆ ಕಡೆ ಸೇರಿ ಆಗಿತ್ತು. ಸಂದರ್ಶನದ ನಂತರ ಪಟ್ಟಿಯ ಬುಡಕ್ಕೆ ತಳ್ಳಿದ್ದವರನ್ನೇ ವಾಪಸ್ ಕರೆಯಬೇಕಾಯಿತು. ಈ 50 ಜನರಲ್ಲಿ ಹೆಚ್ಚಿನವರನ್ನು ಬೇರೆ ಯಾವ ಮೆಡಿಕಲ್ ಕಾಲೇಜೂ ತೆಗೆದುಕೊಂಡಿರಲಿಲ್ಲ. ಮುಂದೆ ಇವರನ್ನೂ ಮೊದಲು ಆಯ್ಕೆಯಾದವರನ್ನೂ ಹೋಲಿಸಿ ನೋಡಿದರು. ಫಲಿತಾಂಶ 1987ರಲ್ಲಿ ಪ್ರಕಟವಾಯಿತು. ಓದಿನಲ್ಲಿ, ಆಸ್ಪತ್ರೆಯ ಕೆಲಸದಲ್ಲಿ, ಪದವಿಯ ನಂತರದ ಮೊದಲ ವರ್ಷದಲ್ಲಿ, ಹೇಳಿಕೊಳ್ಳುವಂಥ ವ್ಯತ್ಯಾಸ ಎಲ್ಲೂ ಕಾಣಲಿಲ್ಲ.

ಹತ್ತು ಜನ ಒಂದೇ ಮಾತು ಹೇಳಿದರೆ ಹತ್ತು ಸಾಕ್ಷಿ ಸಿಕ್ಕಿತು ಅಂತ ನಮಗೆ ಅನ್ನಿಸುತ್ತದೆ. ಹತ್ತೂ ಜನ ಒಂದೇ ಕಾಗದ ಓದಿ, ಒಂದೇ ಬಗೆಯ ಅಭಿರುಚಿಯಿಂದ ಮಾತಾಡಿದ್ದರೆ ಸಾಕ್ಷಿ ಒಂದೇ. ಸಹಸಂಬಂಧ ಅಭ್ಯರ್ಥಿಯ ಅವಕಾಶವನ್ನು ಮಾತ್ರ ಕುಗ್ಗಿಸುವುದಿಲ್ಲ, ತೀರ್ಪಿನ ತೂಕವನ್ನೂ ಕುಗ್ಗಿಸುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಅರ್ಥ ಮಾಡಿಕೊಂಡು 2000ದ ದಶಕದ ಆರಂಭದಲ್ಲಿ ಸಂದರ್ಶನವನ್ನೇ ಒಡೆದು ಹಾಕಿದರು. ಒಂದೇ ಕೋಣೆಯಲ್ಲಿ ಮೂರು ಜನ ಕೂತು ಒಮ್ಮತಕ್ಕೆ ಬರುವ ಬದಲು, ಹತ್ತರಷ್ಟು ಪುಟ್ಟ ಸಂದರ್ಶನಗಳು. ಪ್ರತಿ ಕೋಣೆಯಲ್ಲೂ ಬೇರೆ ಪರೀಕ್ಷಕರು, ಬೇರೆ ಸನ್ನಿವೇಶ. ಒಬ್ಬರ ತಪ್ಪು ಅಂದಾಜು ಇನ್ನೊಬ್ಬರಿಗೆ ಅಂಟುವುದಿಲ್ಲ. ಆಗ ಸರಾಸರಿಗೆ ಬೆಲೆ ಬರುತ್ತದೆ. ಈಗ ಹಲವು ದೇಶಗಳಲ್ಲಿ ಈ ಪದ್ಧತಿ ಇದೆ.

ಇಷ್ಟಾದ ಮೇಲೂ ಒಂದು ಅಂಕಿ ಬೇಕೇ ಬೇಕು ಅನ್ನುವವರು, ಸರಿಯಾದ ಅಂಕಿ ಹುಡುಕಿ. ಕಾಲೇಜುಗಳು ಜಾಹೀರು ಮಾಡುವ ಶೇಕಡಾವಾರು ಸುಮ್ನೆ ಹೆದರಿಸುತ್ತದೆ. ಅಮೆರಿಕದಲ್ಲಿ ಹೆಚ್ಚಿನ ಮೆಡಿಕಲ್ ಕಾಲೇಜುಗಳು ನೂರು ಅರ್ಜಿಗಳಲ್ಲಿ ತೆಗೆದುಕೊಳ್ಳುವುದು ಬೆರಳೆಣಿಕೆಯಷ್ಟು. ಆದರೆ ಒಟ್ಟು ಅಭ್ಯರ್ಥಿಗಳಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಜನ ಎಲ್ಲೋ ಒಂದು ಕಡೆ ಸೇರುತ್ತಾರೆ. ಒಬ್ಬೊಬ್ಬರೂ ಹತ್ತಾರು ಕಡೆ ಅರ್ಜಿ ಹಾಕುವುದರಿಂದ ಹೀಗಾಗುತ್ತದೆ. ಅಲ್ಲಿನ ಮೆಡಿಕಲ್ ಕಾಲೇಜುಗಳ ಒಕ್ಕೂಟ ಒಂದು ಕೋಷ್ಟಕವನ್ನೂ ಪ್ರಕಟಿಸುತ್ತದೆ. ಒಂದು ಬದಿಗೆ ಪದವಿಯ ಅಂಕ, ಇನ್ನೊಂದು ಬದಿಗೆ ಎಂಕ್ಯಾಟ್ ಅನ್ನುವ ಅಲ್ಲಿನ ಪ್ರವೇಶ ಪರೀಕ್ಷೆಯ 472ರಿಂದ 528ರವರೆಗಿನ ಅಂಕ. ಎರಡೂ ಸೇರುವ ಚೌಕದಲ್ಲಿ, ಅಂಥವರಲ್ಲಿ ಎಷ್ಟು ಜನಕ್ಕೆ ಸೀಟು ಸಿಕ್ಕಿತು ಅನ್ನುವುದು ಇದೆ. ಅತಿ ಹೆಚ್ಚು ಅಂಕದ ಚೌಕದಲ್ಲೂ ಅದು ನೂರಕ್ಕೆ ನೂರು ಅಲ್ಲ. ಅದು ಚೌಕದ ಅಂಕಿ, ನಿಮ್ಮದಲ್ಲ. ಚೌಕದೊಳಗೆ ನೀವು ಎಲ್ಲಿದ್ದೀರಿ ಅನ್ನುವುದು ಕೋಷ್ಟಕಕ್ಕೆ ಗೊತ್ತಿಲ್ಲ.

ಅರ್ಜಿಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಅವುಗಳ ನಡುವಿನ ನಂಟು ಕಡಿಮೆ ಮಾಡುವುದು ಎಷ್ಟೋ ಸಲ ಜಾಸ್ತಿ ಕೆಲಸ ಮಾಡುತ್ತದೆ. ಬ್ರಿಟನ್ನಿನಲ್ಲಿ ಒಂದು ವರ್ಷಕ್ಕೆ ನಾಲ್ಕೇ ಮೆಡಿಕಲ್ ಕೋರ್ಸುಗಳಿಗೆ ಅರ್ಜಿ ಹಾಕಬಹುದು. ಅಲ್ಲಿನ ಜಾಣ ವಿದ್ಯಾರ್ಥಿಗಳು ನಾಲ್ಕನ್ನೂ ಒಂದೇ ಬಗೆಯ ಕಾಲೇಜಿಗೆ ಸುರಿಯುವುದಿಲ್ಲ. ಪ್ರವೇಶ ಪರೀಕ್ಷೆಗೆ ತೂಕ ಕೊಡುವುದು ಒಂದು, ಶಾಲೆಯ ಅಂಕ ನೋಡುವುದು ಒಂದು, ಸಂದರ್ಶನಕ್ಕೆ ಜಾಸ್ತಿ ಬೆಲೆ ಕೊಡುವುದು ಇನ್ನೊಂದು. ಒಂದು ಕಡೆ ಮುಳುಗಿಸಿದ ಕಾರಣ ಇನ್ನೊಂದು ಕಡೆ ಮುಳುಗಿಸದೇ ಇರಬಹುದು.

ಎಲ್ಲ ಕಡೆಯೂ ಬೇಡ ಅಂದರು, ಮುಂದಿನ ವರ್ಷ ಮತ್ತೆ ಹಾಕಬೇಕೇ? ಈ ಪ್ರಶ್ನೆಗೆ ಮೊದಲು ನೋಡಬೇಕಾದ್ದು ಯಾವ ಹಂತದಲ್ಲಿ ಬೇಡ ಅಂದರು ಅನ್ನುವುದನ್ನು. ಸಂದರ್ಶನದ ತನಕ ಹೋಗಿ ಬಂದಿದ್ದರೆ ಆ ತೀರ್ಪಿನಲ್ಲಿ ದಾಳದ ಪಾಲು ದೊಡ್ಡದು. ಹ್ಯೂಸ್ಟನ್ನಿನ 50 ಜನ ಅದಕ್ಕೆ ಸಾಕ್ಷಿ. ಅದೇ ಅರ್ಜಿಯನ್ನು ಸ್ವಲ್ಪ ತಿದ್ದಿ ಮತ್ತೆ ಕಳಿಸುವುದರಲ್ಲಿ ಅರ್ಥ ಇದೆ. ಒಂದು ಕಡೆಯಿಂದಲೂ ಸಂದರ್ಶನಕ್ಕೇ ಕರೆ ಬಂದಿಲ್ಲ ಅಂದರೆ ಎಲ್ಲ ಕಡೆ ಒಂದೇ ಕಾರಣ ಕೆಲಸ ಮಾಡಿರುವ ಅನುಮಾನ ಜಾಸ್ತಿ. ಆ ಕಾರಣ ಕಾಗದದ ಮೇಲೇ ಇದೆ. ಮಾರ್ಕ್ಸೋ, ಅನುಭವವೋ, ಪತ್ರವೋ, ಅದನ್ನು ಹುಡುಕಿ ಬದಲಿಸದೆ ಇನ್ನೂ ಹತ್ತು ಅರ್ಜಿಗೆ ಫೀ ಕಟ್ಟಿದರೆ ಫೀ ಹೋಗುತ್ತದೆ ಅಷ್ಟೇ.