ರಟ್ಟಿನಲ್ಲಿ ಉಳಿದ ಹಳೇ ಪ್ರಾಗ್

ಚೆಕ್ ದೇಶದ ರಾಜಧಾನಿ ಪ್ರಾಗ್ ನಗರದ ಯಹೂದಿ ಕೇರಿಯನ್ನು ಕೆಡವಿದ್ದು ಸರಿಯೋ ತಪ್ಪೋ? ಈ ಮಾತು ಬಂದಾಗ ಹಳೇ ಪ್ರಾಗ್ ನಗರದ ಒಂದು ರಟ್ಟಿನ ಮಾದರಿಯ ಹೆಸರೂ ಬರುತ್ತದೆ. ಅದು ಈಗ ಅಲ್ಲಿನ ನಗರ ಮ್ಯೂಸಿಯಂನಲ್ಲಿದೆ.

ಕೇರಿಯ ಹಳೇ ಕತೆ ಚಿಕ್ಕದಾಗಿ ಹೇಳುವುದಾದರೆ, ಶತಮಾನಗಟ್ಟಲೆ ಗೋಡೆ, ಬಾಗಿಲು, ಕಟ್ಟುಪಾಡು. 1850ರಲ್ಲಿ ಅದು ಯೋಸೆಫೊವ್ ಹೆಸರಿನಲ್ಲಿ ನಗರಕ್ಕೆ ಸೇರಿತು.

ಮಾದರಿ ಅದಕ್ಕೂ ಹಳೆಯದು. ಆಂಟೋನಿನ್ ಲಾಂಗ್‌ವೈಲ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಸಣ್ಣ ಸಂಬಳದ ನೌಕರ. 1826ರಲ್ಲಿ ಪ್ಯಾರಿಸ್ ನಗರದ ಮಾದರಿಯೊಂದು ಪ್ರಾಗ್‌ನಲ್ಲಿ ಪ್ರದರ್ಶನಕ್ಕೆ ಬಂತು. ನೋಡಿದವರು ನೋಡಿ ಮನೆಗೆ ಹೋದರು, ಈತ ಮಾತ್ರ ತನ್ನ ಊರನ್ನೇ ಕಟ್ಟಲು ಕೂತ. 480 ಅಡಿಗೆ 1 ಅಡಿ ಲೆಕ್ಕ. ರಟ್ಟು, ಮರ, ಬಣ್ಣ ಇಷ್ಟೇ ಸಾಮಾನು. 2,000ಕ್ಕೂ ಜಾಸ್ತಿ ಕಟ್ಟಡ, ಸುಮಾರು 20 ಚದರ ಮೀಟರ್ ಜಾಗ. ಎದುರಿನ ಗೋಡೆ ತೋರಿಸಿ ಸುಮ್ನೆ ಬಿಟ್ಟಿಲ್ಲ. ಹಿತ್ತಿಲು, ಕಿಟಕಿ, ಬಾಗಿಲ ಮೇಲಿನ ಗುರುತು ಎಲ್ಲವೂ ಇವೆ. 1837ರಲ್ಲಿ ಆತ ತೀರಿಕೊಂಡಾಗ ಕೆಲಸ ಇನ್ನೂ ಬಾಕಿ ಇತ್ತು. ಕಾಸಂತೂ ಹುಟ್ಟಿರಲಿಲ್ಲ. ಆಮೇಲೆ ಆಸ್ಟ್ರಿಯಾದ ಚಕ್ರವರ್ತಿ ಫರ್ಡಿನಾಂಡ್ ಅದನ್ನು ಕೊಂಡು ಈಗಿನ ರಾಷ್ಟ್ರೀಯ ಮ್ಯೂಸಿಯಂಗೆ ಕೊಟ್ಟರು.

ಆಮೇಲಿನ ವರ್ಷಗಳಲ್ಲಿ ಕೇರಿ ಬದಲಾಯಿತು. ಯಹೂದಿಗಳು ಎಲ್ಲಿ ಬೇಕಾದರೂ ಇರಬಹುದು ಎಂದಾದ ಮೇಲೆ ಉಳ್ಳವರು ಹೊರಟರು. ಖಾಲಿಯಾದ ಜಾಗಕ್ಕೆ ಬಡವರು ಬಂದರು, ಯಹೂದಿಗಳಲ್ಲದವರೂ ಬಂದರು. ಕೋಣೆಗೊಂದು ಸಂಸಾರ. ಚರಂಡಿ ಸರಿಯಿಲ್ಲ, ವ್ಲ್ತಾವಾ ನದಿ ಉಕ್ಕಿದರೆ ನೀರು ಒಳಗೆ. ಕಾಯಿಲೆ ನಿಜವೇ ಇತ್ತು. ಅದನ್ನು ಯಾರೂ ಕಟ್ಟುಕತೆ ಅನ್ನುವಂತಿಲ್ಲ.

1893ರಲ್ಲಿ ನೈರ್ಮಲ್ಯದ ಹೆಸರಿನಲ್ಲಿ ಕಾನೂನು ಬಂತು. ಯೋಸೆಫೊವ್ ಜೊತೆ ಹಳೇ ಪಟ್ಟಣದ ಕೆಲವು ಭಾಗಗಳನ್ನೂ ಕೆಡವಬಹುದು, ಹೊಸದಾಗಿ ಕಟ್ಟುವವರಿಗೆ ತೆರಿಗೆ ರಿಯಾಯಿತಿ. ಲೇಖಕರು, ಕಲಾವಿದರು ವಿರೋಧಿಸಿದರು. 1900ರಲ್ಲಿ ಹಳೇ ಪ್ರಾಗ್ ಉಳಿಸುವ ಸಂಘವೊಂದೂ ಹುಟ್ಟಿತು. ಕೆಡವುವ ಕೆಲಸ ನಿಲ್ಲಲಿಲ್ಲ. ಇವತ್ತು ದುಬಾರಿ ಅಂಗಡಿಗಳಿರುವ ಪಾರ್ಝಿಷ್ಸ್ಕಾ ರಸ್ತೆ ಹೀಗೆ ಎದ್ದದ್ದು. ಕಾಯಿಲೆ ಬಿದ್ದವರಿಗೆ ಆ ಹೊಸ ಮನೆಗಳ ಬಾಡಿಗೆ ಕಟ್ಟಲು ಆಗುವಂತಿರಲಿಲ್ಲ, ಅಲ್ವಾ? ಅವರು ಊರಾಚೆಯ ಅಗ್ಗದ ಕೋಣೆ ಹುಡುಕಿಕೊಂಡು ಹೋದರು.

ಆರು ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ), ಹಳೇ ಸ್ಮಶಾನ, ಯಹೂದಿ ಪುರಭವನ ಉಳಿದವು. ಹೋದ ಬೀದಿಗಳು ಹೇಗಿದ್ದವೆಂದು ನೋಡಲು ಮಾದರಿಯ ಹತ್ತಿರ ಹೋಗಬೇಕು. ಆದರೆ ಅದನ್ನು ಕಂಡು ಕರಗುವವರು ಒಂದು ಸಂಗತಿ ಮರೆಯುತ್ತಾರೆ. ಲಾಂಗ್‌ವೈಲ್ ಕಟ್ಟಿದ್ದು 1830ರ ಆಸುಪಾಸಿನ ಕೇರಿಯನ್ನು. ಕೆಡವಿದ್ದು ಸುಮಾರು ಅರವತ್ತು ವರ್ಷದ ನಂತರ, ಜನ ತುಂಬಿ ತುಳುಕುತ್ತಿದ್ದ ಕೇರಿಯನ್ನು. ಆ ಅರವತ್ತು ವರ್ಷ ರಟ್ಟಿನಲ್ಲಿ ಇಲ್ಲ.